ಪಾಲಯ್ಯ ಗಡ್ಡ ತೆಗೆದದ್ದು

ಹತ್ತಿರ ಬನ್ನಿ. ಬಾಗಿಲು ಒಂಚೂರು ಮುಂದೆ ಮಾಡಿ. ಈ ಮಾತು ಈ ಗೋಡೆ ದಾಟಬಾರದು. ದಾಟಿ, ಯಾರಾದರೂ ಹೇಳಿದ್ದು ಯಾರು ಅಂತ ಕೇಳಿದರೆ, ಗಾಳಿ ಅನ್ನಿ.

ಹೊಳೆದಂಡೆಯ ಆಶ್ರಮದಲ್ಲಿ ಎದೆ ಮುಚ್ಚುವ ಹಾಗೆ ಗಡ್ಡ ಬಿಟ್ಟುಕೊಂಡು ಕೂತಿದ್ದನಲ್ಲ ಪಾಲಯ್ಯ, ಅದು ವೈರಾಗ್ಯದ ಗಡ್ಡ ಅಲ್ಲವೇ ಅಲ್ಲ. ಹೆಂಡತಿ ಮೇಲಿನ ಸಿಟ್ಟಿನ ಗಡ್ಡ.

ಆಶ್ರಮ ಅಂದರೆ ಅರಮನೆ ಏನಲ್ಲ. ಎರಡು ಕೋಣೆ, ಒಂದು ಜಗುಲಿ, ಒಂದು ಹೊಂಗೆ ಮರ. ಗುರುಗಳನ್ನು ಒಡ್ಡಿನ ತಾತ ಅಂತಿದ್ದರು, ಹೊಳೆಯ ಒಡ್ಡಿನ ಪಕ್ಕ ಇದ್ದದ್ದಕ್ಕೆ.

ತಾತನಿಗೆ ಗಡ್ಡ ಇಲ್ಲ, ಜಡೆ ಇಲ್ಲ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಕೂತು ತಾವೇ ನುಣ್ಣಗೆ ಕ್ಷೌರ ಮಾಡಿಕೊಳ್ಳುವರು. ಎರಡು ಕಡೆ ಬಾಯಿರುವ ಬ್ಲೇಡು ಒಳಗಿಟ್ಟು ತಿರುಪು ಬಿಗಿಯುತ್ತಾರಲ್ಲ, ಆ ಹಳೇ ಕಾಲದ ಶೇವಿಂಗ್ ಸೆಟ್ಟು.

ಪಾಲಯ್ಯ ಮೊದಲ ದಿನ ಬಂದಾಗ ತಾತನನ್ನೇ ಕೇಳಿದ. "ಸ್ವಾಮಿಗಳು ಎದ್ದಿದ್ದಾರಾ?"

ತಾತ ಮುಖದ ನೊರೆ ಒರೆಸಿಕೊಂಡರು. "ಈಗ ತಾನೇ ಎದ್ದರು. ಏನು ಬೇಕಿತ್ತು?"

ಪಾಲಯ್ಯನಿಗೆ ಗೊತ್ತಾಗಿ ನಾಲಿಗೆ ಕಚ್ಚಿಕೊಂಡ. "ಶಾಂತಿ ಬೇಕು, ತಾತ."

"ಗಡ್ಡ ಯಾಕೆ ಬಿಟ್ಟಿದ್ದೀಯ?"

"ಶಪಥ."

"ಏನಂತ?"

ಹೇಳಿದ. ಕೇಳಿ, ನಗಬೇಡಿ.

ಅವನ ಹೆಂಡತಿ ಮಾರಕ್ಕನ ತಮ್ಮನ ಮದುವೆ, ಇವನ ಮನೆ ಮುಂದೆಯೇ ಚಪ್ಪರ. ಚಪ್ಪರದ ದಿನ ಮಂಗಳವಾರ ಬಿತ್ತು. ಮಂಗಳವಾರ ಊರಿನ ಕ್ಷೌರದವನು ಕತ್ತಿ ಮುಟ್ಟಲ್ಲ. ಪಾಲಯ್ಯನೋ, ಮೀಸೆ ಮೂಡಿದಾಗಿನಿಂದ ಕೆನ್ನೆಯನ್ನು ಬೇರೆಯವರ ಕೈಗೆ ಕೊಟ್ಟು ಕಣ್ಣು ಮುಚ್ಚಿ ಕೂತವನು.

ಮಾರಕ್ಕ ಪೇಟೆಯಿಂದ ಹೊಸ ಸೆಟ್ಟು ತಂದುಕೊಟ್ಟಳು. "ನೀವೇ ಮಾಡ್ಕೊಳ್ಳಿ, ಯಾರು ಕೇಳ್ತಾರೆ" ಅಂದಳು.

ಇವನು ಸೈಕಲ್ ಶಾಪಿನವನು. ರಿಮ್ಮಿನ ತುಕ್ಕು ಉಜ್ಜಿದ ಹಾಗೆ ಮುಖ ಉಜ್ಜಿಕೊಂಡ. ಏಳು ಕಡೆ ರಕ್ತ. ನಿಲ್ಲಲಿ ಅಂತ ಪೇಪರ್ ಹರಿದು ಚೂರು ಚೂರು ಅಂಟಿಸಿಕೊಂಡು ಚಪ್ಪರಕ್ಕೆ ಬಂದ. ಗದ್ದದ ಮೇಲಿನ ಚೂರಿನಲ್ಲಿ ಯಾವುದೋ ಸಿನಿಮಾದವಳ ಒಂದು ಕಣ್ಣು.

ತವರಿನವರೆಲ್ಲ ಕೂತಿದ್ದರು. ಮಾರಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ತಡೆಯಲಾಗಲಿಲ್ಲ, ನಕ್ಕೇಬಿಟ್ಟಳು. ಅವಳ ಹಿಂದೆ ಇಡೀ ಚಪ್ಪರ ನಕ್ಕಿತು.

ಪಾಲಯ್ಯ ಒಳಗಿಂದ ಸೆಟ್ಟು ತಂದು ಗೋಡೆಯಾಚೆ ಎಸೆದ. "ನೀನು ಬಂದು ಕಾಲಿಗೆ ಬೀಳೋ ತನಕ ಈ ಮುಖಕ್ಕೆ ಬ್ಲೇಡು ತಾಗಿಸಲ್ಲ" ಅಂದ. ಅಂದವನು ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದ. ಎರಡು ತಿಂಗಳು ಅಲ್ಲಿ ಇಲ್ಲಿ ಅಲೆದು, ಗಡ್ಡ ಬೆಳೆದ ಮೇಲೆ ಹೊಳೆದಂಡೆಗೆ ಬಂದ.

ತಾತ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಆ ಮದುವೇಲಿ ನಿನ್ನ ಹೆಂಡತಿ ಊಟ ಮಾಡಿದಳಾ?"

"ಗೊತ್ತಿಲ್ಲ, ತಾತ."

"ಗೊತ್ತಾದ ಮೇಲೆ ಶಾಂತಿ ಕೇಳು. ಅಲ್ಲೀವರೆಗೆ ನನಗೆ ನೀರು ಕಾಯಿಸು."

ಪಾಲಯ್ಯ ನೀರು ಕಾಯಿಸಿದ. ಬ್ರಷ್ಷಿನಿಂದ ನೊರೆ ಎಬ್ಬಿಸಿದ. ಕನ್ನಡಿ ಹಿಡಿದ. ಗಡ್ಡ ಎದೆಗೆ ಇಳಿಯಿತು.

ಜನಕ್ಕೆ ಏನು ಗೊತ್ತು? ಬಂದವರು ತಾತನನ್ನು ದಾಟಿಕೊಂಡು ಹೋಗಿ ಇವನ ಕಾಲಿಗೆ ಬೀಳತೊಡಗಿದರು. ತಾತನಿಗೇ ಚಪ್ಪಲಿ ನೋಡಿಕೊಳ್ಳಿ ಅಂತ ಹೇಳಿ ಹೋದವರೂ ಇದ್ದಾರೆ.

ಮೊದಲ ವರ್ಷ ಪಾಲಯ್ಯ "ನಾನಲ್ಲ, ಅವರು" ಅನ್ನುತ್ತಿದ್ದ. ಎರಡನೇ ವರ್ಷ ಸುಮ್ಮನಾದ. ಮೂರನೇ ವರ್ಷ ಜಗುಲಿ ಮೇಲೆ ಮಣೆ ಹಾಕಿಕೊಂಡು, ಕಾಲು ಸ್ವಲ್ಪ ಮುಂದೆ ಚಾಚಿ ಕೂತ. ಹಿಂದೆ ಸೈಕಲ್ ಚೈನಿಗೆ ಸಿಕ್ಕಿ ಉಗುರು ಸೀಳಿದ್ದ ಕಾಲಿನ ಹೆಬ್ಬೆರಳಿಗೂ ಹೂವು ಬೀಳುತ್ತಿತ್ತು.

"ಪಾಲಯ್ಯ, ಕಾಲು ನೋವಾ?" ತಾತ ಒಮ್ಮೆ ಕೇಳಿದರು.

"ಇಲ್ಲವಲ್ಲ, ತಾತ."

"ಚಾಚಿದ್ದೀಯಲ್ಲ, ಅದಕ್ಕೆ ಕೇಳಿದೆ."

ಪಾಲಯ್ಯ ಕಾಲು ಮಡಚಿದ. ಮಾರನೇ ದಿನ ಮತ್ತೆ ಚಾಚಿದ.

ಆರನೇ ವರ್ಷ ಒಂದು ಸೋಮವಾರ ಬೆಳಿಗ್ಗೆ ಜನದ ನಡುವಿನಿಂದ ಒಬ್ಬ ಹೆಂಗಸು ಬಂದಳು. ಇವನ ಪಾದದ ಮುಂದೆ ನಿಂತು ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ ಹಣೆ ಹಚ್ಚಿದಳು.

ಮಾರಕ್ಕ.

"ಬುದ್ಧಿ, ನಮ್ಮನೆಯವರು ಮನೆ ಬಿಟ್ಟು ಆರು ವರ್ಷ ಆಯ್ತು. ತಪ್ಪು ನಂದೇ. ಎಲ್ಲರ ಮುಂದೆ ನಕ್ಕುಬಿಟ್ಟೆ." ತಲೆ ಎತ್ತಲಿಲ್ಲ. ಹಣೆ ಅವನ ಹೆಬ್ಬೆರಳ ಮೇಲೇ ಇತ್ತು. "ಅವರು ಬರ್ತಾರಾ?"

ಪಾಲಯ್ಯ ಬಾಯಿ ತೆರೆದ. ನಾನೇ ಕಣೇ ಅನ್ನಬೇಕು. ಸುತ್ತ ಹತ್ತು ಜನ ಕೈಮುಗಿದು ನಿಂತಿದ್ದರು. ಅವರ ಮುಂದೆ ಹೇಗೆ ಅನ್ನೋದು?

ಚಿಟಿಕೆ ವಿಭೂತಿ ತೆಗೆದು ಅವಳ ಅಂಗೈಗೆ ಹಾಕಿದ. "ಬರ್ತಾರೆ, ಹೋಗಮ್ಮ" ಅಂದ.

ಅಮ್ಮ ಅಂದ. ಕಟ್ಟಿಕೊಂಡವಳಿಗೆ.

ಮಾರಕ್ಕ ಅವನ ಮುಖ ನೋಡಿದಳು. ವಿಭೂತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಡ್ಡಿನ ಕಡೆ ನಡೆದಳು.

ಜನ ಕರಗಿದ ಮೇಲೆ ಪಾಲಯ್ಯ ಓಡಿಬಂದ. "ತಾತ, ಅವಳು ಬಂದಿದ್ದಳು! ಕಾಲಿಗೂ ಬಿದ್ದಳು!"

"ಹಾಗಾದರೆ ಶಪಥ ಮುಗೀತು."

"ಗಡ್ಡ ತೆಗೀಬೇಕು. ಕಲಿಸಿಕೊಡಿ."

"ಹೊಳೆ ದಾಟಿದರೆ ಕ್ಷೌರದ ಅಂಗಡಿ ಇದೆ."

"ಬೇಡ. ನನ್ನ ಕೈಯಿಂದಲೇ ಆಗಬೇಕು, ಅಂಥದ್ದೇ ಸೆಟ್ಟಿನಿಂದ. ಮುಖ ಕನ್ನಡಿ ಹಾಗೆ ಮಾಡಿಕೊಂಡು ಅವಳೆದುರು ನಿಲ್ಲಬೇಕು. ಈ ಸಲ ಅವಳು ನಗಬಾರದು."

ತಾತ ಅವನನ್ನೇ ನೋಡಿದರು. ಒಳಗಿಂದ ಸೆಟ್ಟು ತಂದರು.

ಮೊದಲು ಕತ್ತರಿಯಿಂದ ಗಡ್ಡ ಇಳಿಸಿದರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗೆ ಹಾಕಿ ಕೂರಿಸಿದರು. ಹೊಸ ಬ್ಲೇಡಿನ ಕಾಗದ ಬಿಡಿಸಿ, ಎರಡು ತುದಿ ಹಿಡಿದು ಸೆಟ್ಟಿನೊಳಗೆ ಇಟ್ಟು ತಿರುಪು ಬಿಗಿದರು.

"ಹಿಡಿಯ ತುದೀಲಿ ಹಿಡಿ. ಕೂದಲು ಮಲಗಿರೋ ಕಡೆಗೇ ಎಳಿ. ಗಿಡ್ಡ ಗಿಡ್ಡಕ್ಕೆ. ಒತ್ತಬೇಡ."

"ಒತ್ತದೆ ಹೇಗೆ ಬರ್ತದೆ?"

"ಅದಕ್ಕೆ ಅದರದೇ ಭಾರ ಇದೆ. ನಿನ್ನದು ಸೇರಿಸಬೇಡ."

ಪಾಲಯ್ಯ ಒತ್ತಿದ. ಐದು ಕಡೆ ಕುಯ್ದುಕೊಂಡ.

ರಕ್ತ ನಿಲ್ಲಲಿ ಅಂತ ತಾತ ಪಟಿಕದ ಕಲ್ಲನ್ನು ನೀರಿಗೆ ಅದ್ದಿ ಅವನ ಮುಖಕ್ಕೆಲ್ಲ ಉಜ್ಜಿದರು. ಪಾಲಯ್ಯ ಕುಣಿದ.

"ಉರೀತದಾ?"

"ಪ್ರಾಣ ಹೋಗ್ತದೆ, ತಾತ!"

"ಎಲ್ಲೆಲ್ಲಿ ಒತ್ತಿದ್ದೀಯೋ ಅಲ್ಲಲ್ಲಿ ಅದು ಹೇಳ್ತದೆ."

ಎರಡು ಗಾಯ ಪಟಿಕಕ್ಕೂ ಜಗ್ಗಲಿಲ್ಲ. ಪಾಲಯ್ಯ ಪೇಪರ್ ಹರಿದು ಅಂಟಿಸಿಕೊಂಡ.

ತಾತ ಬಿಸಿಲು ನೋಡಿದರು. "ಎರಡು ಗಂಟೆಗೆ ಬಸ್ಸಿದೆ. ಅವಳೂ ಅದಕ್ಕೇ ಕಾಯ್ತಿರ್ತಾಳೆ, ಒಡ್ಡಿನ ಆಚೆ."

"ಈ ಮುಖ ಇಟ್ಕೊಂಡಾ?"

"ಬೇರೆ ಇದೆಯಾ?"

"ವಾಸಿಯಾಗಲಿ, ತಾತ. ಇನ್ನೊಂದು ಸಲ ಮಾಡಿ ನೋಡ್ತೀನಿ."

ತಾತ ಚೊಂಬಿನಲ್ಲಿದ್ದ ನೀರನ್ನು ಹೊಂಗೆ ಬುಡಕ್ಕೆ ಚೆಲ್ಲಿದರು.

ನಾಲ್ಕನೇ ದಿನ ಮತ್ತೆ ಮಾಡಿದ. ಎರಡು ಗಾಯ.

"ಎರಡು ಗಂಟೆಗೆ ಬಸ್ಸಿದೆ" ಅಂದರು ತಾತ.

"ಇನ್ನೊಂದೇ ಸಲ."

ಎಂಟನೇ ದಿನ ಗದ್ದದ ಕೆಳಗೆ ಒಂದೇ ಒಂದು ಗೀರು.

"ಬಸ್ಸಿದೆ, ಪಾಲಯ್ಯ."

"ಈ ಗೀರೊಂದು ಹೋಗಲಿ, ತಾತ."

ಹನ್ನೆರಡನೇ ದಿನ ಅವನ ಕೈ ಗರಿಯ ಹಾಗೆ ಆಡಿತು. ಪಟಿಕ ತಿಕ್ಕಿಕೊಂಡ. "ತಾತ, ಎಲ್ಲೂ ಉರೀಲಿಲ್ಲ!"

ಅವತ್ತು ತಾತ ಬಸ್ಸಿನ ಮಾತೆತ್ತಲಿಲ್ಲ. ಪಾಲಯ್ಯ ತಾನೇ ಓಡಿ ಹತ್ತಿದ.

ಸಂಜೆ ಊರಿಗೆ ಬಂದರೆ ಮನೆಗೆ ಬೀಗ. ಪಕ್ಕದ ಜಗುಲಿಯಲ್ಲಿ ನಿಂಗಜ್ಜಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಊರಿನ ಯಾವ ಮನೆಯಲ್ಲಿ ಯಾರು ಯಾರಿಗೆ ಏನಂದರು ಅನ್ನುವುದು ಆ ಅಜ್ಜಿಗೆ ಗೊತ್ತಿಲ್ಲದೆ ಇರುತ್ತಿರಲಿಲ್ಲ.

"ಯಾರಪ್ಪ ಅದು? ಓಹೋ, ಪಾಲಯ್ಯ! ಏನು ನುಣುಪೋ, ನೊಣ ಕೂತರೆ ಜಾರಿ ಬೀಳ್ತದೆ."

"ಮಾರಿ ಎಲ್ಲಿ, ಅಜ್ಜಿ?"

"ಯಾವ ಮಾರಿ? ಹೋಗಮ್ಮ ಅಂದೆಯಲ್ಲ, ಆ ಅಮ್ಮನಾ?"

ಪಾಲಯ್ಯ ಕಂಬ ಹಿಡಿದುಕೊಂಡ. "ಅವಳಿಗೆ ಗುರುತು ಸಿಕ್ಕಿತ್ತಾ?"

"ಆ ಸೀಳು ಉಗುರಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದವಳು ಯಾರು, ನಾನಾ? ಬೆರಳು ನೋಡೇ ಬಿದ್ದಳು. ನಿನ್ನ ಹಾಳು ಶಪಥ ತೀರಲಿ ಅಂತ ಬಿದ್ದಳು. ನೀನು ಬೂದಿ ಕೊಟ್ಟು ಕಳಿಸಿದೆ."

"ಅಜ್ಜಿ..."

"ಕೇಳಿಲ್ಲಿ. ಬಸ್ಸು ಹೊರಡೋ ತನಕ ಒಡ್ಡಿನ ಕಡೇನೇ ನೋಡ್ತಿದ್ದಳಂತೆ. ಮನೆಗೆ ಬಂದೂ ನಿನ್ನ ಪರವೇ ಮಾತು. 'ಜನದ ಮುಂದೆ ಅವರಿಗೆ ನಾಚಿಕೆ ಅಜ್ಜಿ, ನಾಳೆ ಬರ್ತಾರೆ' ಅಂದಳು. ಎಂಟು ದಿನ, ಸಂಜೆ ಬಸ್ಸಿನ ಸದ್ದು ಕೇಳಿದರೆ ಎರಡು ತಟ್ಟೆ ಹಾಕೋಳು. ಒಂಬತ್ತನೇ ದಿನ ಒಂದು ತಟ್ಟೆ ತೊಳೆದು ಮೇಲಿಟ್ಟಳು. ಹತ್ತನೇ ದಿನ ಬೀಗ ಹಾಕಿದಳು."

"ಎಲ್ಲಿಗೆ ಹೋದಳು?"

"ಹೇಳಬೇಡ ಅಂದಿದ್ದಾಳೆ."

"ನೀನು ಹೇಳದೆ ಇರ್ತೀಯಾ ಅಜ್ಜಿ?"

"ಈ ಬಾಯಿಗೆ ಊರೇ ಹೆದರ್ತದೆ, ಬಲ್ಲೆ. ಇದೊಂದು ಮಾತ್ರ ಇದರಿಂದ ಹೊರಡಲ್ಲ."

ಅಜ್ಜಿ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿದರೆ ಶೇವಿಂಗ್ ಸೆಟ್ಟು. ಅವತ್ತು ಅವನು ಎಸೆದದ್ದೇ. ಒಂದು ಚುಕ್ಕೆ ತುಕ್ಕಿಲ್ಲ, ಕೊಬ್ಬರಿ ಎಣ್ಣೆ ಸವರಿತ್ತು.

"ನನ್ನ ಹಿತ್ತಿಲಲ್ಲಿ ಬಿದ್ದಿತ್ತು. ನೀನು ಬಸ್ಸು ಹತ್ತಿದ ಮೇಲೆ ಬಂದು ಹುಡುಕಿ ತಗೊಂಡು ಹೋದಳು, ಬೀಗ ಹಾಕಿದ ದಿನ ನನ್ನ ಕೈಗೆ ಕೊಟ್ಟಳು. ಮದುವೆ ದಿನ ಚಪ್ಪರದಲ್ಲಿ ಎಲೆ ಹಾಕಿದ್ದರು. ಅವಳ ಎಲೆ ಹಾಗೇ ಉಳೀತು. ಹೆತ್ತ ತಾಯಿ ಕರೆದರೂ ಏಳಲಿಲ್ಲ."

ಮಾರನೇ ದಿನ ಪಾಲಯ್ಯ ಹೊಳೆದಂಡೆಗೆ ವಾಪಸ್ಸು ಬಂದ. ತಾತ ಕನ್ನಡಿ ಮುಂದೆ ಇದ್ದರು. ತಾವೇ ನೀರು ಕಾಯಿಸಿಕೊಂಡಿದ್ದರು.

ಪಾಲಯ್ಯ ಜಗುಲಿ ಹತ್ತಲಿಲ್ಲ. ಕೆಳಗೆ, ಜನ ಚಪ್ಪಲಿ ಬಿಡುವಲ್ಲಿ ಕೂತ.

"ಆ ಮದುವೇಲಿ ಅವಳು ಊಟ ಮಾಡಿರಲಿಲ್ಲವಂತೆ, ತಾತ."

"ಹೂಂ."

"ಮನೆಗೆ ಬೀಗ. ಎಲ್ಲಿದ್ದಾಳೋ ಗೊತ್ತಿಲ್ಲ."

"ಹೂಂ."

"ನಾನು ಒಂದು ಗೀರಿಲ್ಲದ ಹಾಗೆ ಹೋಗಿದ್ದೆ."

ತಾತ ಎದ್ದು ಬಂದರು. ಪಟಿಕದ ಕಲ್ಲು ಒದ್ದೆ ಮಾಡಿ ಅವನ ಎರಡೂ ಕೆನ್ನೆಗೆ, ಗದ್ದಕ್ಕೆ, ಕುತ್ತಿಗೆಗೆ ಮೆಲ್ಲಗೆ ಎಳೆದರು.

"ಉರೀತದಾ?"

"ಇಲ್ಲ, ತಾತ." ಪಾಲಯ್ಯ ಅಳುತ್ತಿದ್ದ. "ಎಲ್ಲೂ ಇಲ್ಲ."

ತಾತ ಕಲ್ಲನ್ನು ಅವನ ಕೈಯಲ್ಲಿಟ್ಟು ಬೆರಳು ಮಡಚಿದರು.

"ಅವಳು ಬಸ್ಸಿಗೆ ಕಾಯ್ತಿದ್ದ ದಿನ ಅವಳನ್ನ ನಗಿಸೋ ಮುಖ ನಿನ್ನ ಹತ್ತಿರ ಇತ್ತಲ್ಲಪ್ಪ," ಅಂದರು. "ಅದನ್ನ ವಾಸಿಯಾಗೋಕೆ ಯಾಕೆ ಬಿಟ್ಟೆ?"