ಮೂರು ಬೆರಳಿನ ಕಲ್ಲು

ಮರಳುದಿಬ್ಬದ ಮೇಲಿನ ಊರಾದ ಉಪ್ಪುಬೇಂಗ್ರೆಯ ಬಲಬದಿಗೆ, ಹೊಳೆ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ, ಎದೆಮಟ್ಟದ ಒಂದು ಕರಿಬಂಡೆ ಇದೆ. ಅದರ ನೆತ್ತಿ ಮಣೆಯಷ್ಟು ನುಣುಪು. ಆ ನುಣುಪಿನ ಮೇಲೆ ಒಂದರ ಪಕ್ಕ ಒಂದರಂತೆ ಮೂರು ಕೊರೆದ ಗೆರೆಗಳಿವೆ. ದೋಣಿ ಹತ್ತಲು ಬಂದ ಪರವೂರಿನವರು ಯಾವುದೋ ಋಷಿ ಊರಿದ ಬೆರಳ ಗುರುತು ಎಂದುಕೊಂಡು ಕೈಮುಗಿಯುವುದುಂಟು. ಊರವರು ಬೇಡವೆನ್ನುವುದಿಲ್ಲ. ಆದರೆ ಅದು ಋಷಿಯದಲ್ಲ, ಬಲೆ ಕಟ್ಟುತ್ತಿದ್ದ ಒಬ್ಬ ಹೆಂಗಸಿನದು. ನಮ್ಮ ದೊಡ್ಡಮ್ಮ ಇದೇ ದಂಡೆಯಲ್ಲಿ ಮೀನು ಒಣಹಾಕುತ್ತ ನನಗೆ ಹೇಳಿದ್ದನ್ನು, ಆಮೇಲೆ ಬೇರೆ ಹಿರಿಯರಿಂದ ಕೇಳಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಬೇಂಗ್ರೆಯಲ್ಲಿ ಇದ್ದದ್ದು ಏಳೇ ಮನೆ, ಏಳೇ ದೋಣಿ. ಆ ಏಳೂ ದೋಣಿಗಳ ಬಲೆ ಕಟ್ಟುತ್ತಿದ್ದವಳು ಬಚ್ಚಕ್ಕ. ಗಂಡನನ್ನು ಕಡಲು ಕೊಂಡೊಯ್ದ ಮೇಲೆ ಸೆಣಬಿನ ನೂಲೇ ಅವಳಿಗೂ ಮಗಳು ಚಂದುವಿಗೂ ಅನ್ನ ಕೊಟ್ಟಿತ್ತು. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದಾಗ ಅವಳು ಕೂತರೆ, ಕಡಲು ತಣಿಯುವ ಹೊತ್ತಿಗೆ ಬಲೆ ಸಿದ್ಧವಾಗುತ್ತಿತ್ತು. ಬಲೆಯ ಕಣ್ಣಿನ ಅಳತೆ ಮೂರು ಬೆರಳು. ಅಷ್ಟು ಅಗಲದ ಕಣ್ಣಿನಿಂದ ಮರಿಮೀನು ನುಸುಳಿ ಹೋಗುತ್ತಿತ್ತು, ಬೆಳೆದದ್ದು ಸಿಕ್ಕುತ್ತಿತ್ತು. ಯಾರೂ ಇದನ್ನು ನಿಯಮವೆಂದು ಮಾಡಿರಲಿಲ್ಲ, ಅಜ್ಜಿಯ ಕಾಲದಿಂದ ಹಾಗೆ ನಡೆದುಬಂದಿತ್ತು. ಅಳಿವೆಯ ತುಂಬ ಕಾಣೆ ಮೀನು. ಒಂದು ಸೇರು ಅಕ್ಕಿ ಕೊಟ್ಟರೆ ಬುಟ್ಟಿ ತುಂಬ ಮೀನು ಸಿಗುತ್ತಿತ್ತು. ಮೂಡುದಿಕ್ಕಿನ ಗದ್ದೆಯ ಕೂಲಿಯಾಳು ಕೂಡ ದಿನಾ ಮೀನು ಉಣ್ಣುತ್ತಿದ್ದ ಎನ್ನುತ್ತಾರೆ.

ಆಗ ಬಂದರಿಗೆ ಹಡಗಿನ ಸಾಹುಕಾರನೊಬ್ಬ ಬಂದ. ದೂರದ ನಾಡುಗಳಿಗೆ ಒಣಮೀನು ಒಯ್ಯುವವನು. ದೊಡ್ಡದು ಸಣ್ಣದು ಎಂಬ ಭೇದ ಅವನಿಗಿರಲಿಲ್ಲ, ನೀರಿನಲ್ಲಿ ಇದ್ದುದೆಲ್ಲ ಬೇಕಿತ್ತು. ಒಂದು ಬೆರಳ ಕಣ್ಣಿನ ಬಲೆಯಾದರೆ ಏನೂ ತಪ್ಪಿಸಿಕೊಳ್ಳದು, ಆದರೆ ಅಷ್ಟು ಸಣ್ಣ ಗಂಟು ಹಾಕುವ ಕೈ ಈ ಕರಾವಳಿಯಲ್ಲಿ ಇದೆಯೇ ಎಂದು ಅವನು ಕೇಳಿದನಂತೆ. ಆ ಮಾತು ಬಚ್ಚಕ್ಕನಿಗೆ ನಾಟಿತು. ಒಂದು ಮಳೆಗಾಲವಿಡೀ ಕೂತು ಅವಳು ಅಂಥ ಬಲೆ ಕಟ್ಟಿಕೊಟ್ಟಳು. ನೋಡಿದವರು ಇದು ಬಲೆಯಲ್ಲ, ಬಟ್ಟೆ ಎಂದರು. ಅವಳಿಗೂ ಹೆಮ್ಮೆಯಾಯಿತು. ಮೊದಲ ಬಲೆ ನಾರ್ಣ ಗುರಿಕಾರನಿಗೆ ಹೋಯಿತು. ಬೇಂಗ್ರೆಯ ಯಜಮಾನ ಅವನೇ. ಆ ವರ್ಷ ಅವನ ಅಂಗಳದಲ್ಲಿ ಮೀನು ಒಣಗಿಸಲು ಜಾಗ ಸಾಲಲಿಲ್ಲ. ಉಳಿದ ಮನೆಗಳೂ ಕೇಳಿದವು. ನಾಲ್ಕು ವರ್ಷದಲ್ಲಿ ಏಳು ದೋಣಿಗೂ ಒಂದು ಬೆರಳಿನ ಬಲೆಯಾಯಿತು.

ಐದನೆಯ ವರ್ಷ ಮೀನು ಕಿರಿದಾಯಿತು. ಆರನೆಯ ವರ್ಷ ಕಾಣೆ ಮೀನು ಹೆಸರಿಗೆ ತಕ್ಕಂತೆ ಕಾಣೆಯಾಯಿತು. ಮೀನು ಕಮ್ಮಿಯಾದಂತೆ ಸಾಹುಕಾರ ಬೆಲೆ ಏರಿಸುತ್ತ ಹೋದ. ಮೊದಲು ಗದ್ದೆಯ ಆಳುಗಳು ಮೀನು ಬಿಟ್ಟರು, ಆಮೇಲೆ ಗದ್ದೆಯ ಒಡೆಯರು ಬಿಟ್ಟರು. ಕೊನೆಗೆ ಮೀನು ಹಿಡಿಯುವವರೇ ಬಿಟ್ಟರು. ಅಷ್ಟು ಬೆಲೆಯ ಪದಾರ್ಥವನ್ನು ತಮ್ಮ ಬಾಯಿಗೆ ಹಾಕಿಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಬೇಂಗ್ರೆಯ ಮನೆಗಳಲ್ಲಿ ಗಂಜಿಗೆ ಉಪ್ಪೇ ಗತಿಯಾಯಿತು.

ಆ ವರ್ಷವೇ ಚಂದು ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು, ಚಂದು ಬಹಳ ಸೊರಗಿದಳು. ಬಾಣಂತಿಗೆ ಕಾಣೆ ಮೀನಿನ ತಿಳಿಸಾರು ಉಣಿಸುವುದು ಇಲ್ಲಿನ ಪದ್ಧತಿ. ಬಚ್ಚಕ್ಕ ದಂಡೆಯುದ್ದಕ್ಕೂ ಮೀನು ಹುಡುಕಿಕೊಂಡು ಹೋದಳು. ಕೊನೆಗೆ ನೆರೆಮನೆಯ ಸೀತುವಿನ ಬುಟ್ಟಿಯಲ್ಲಿ ಗೇಣುದ್ದದ ಎರಡು ಮೀನು ಕಂಡವು. ಸೀತು ತಲೆ ಎತ್ತಲಿಲ್ಲ.

"ಇದ್ ಸಾವ್ಕಾರ್ರಿಗೆ ಒಪ್ಪಿಕಂಡದ್ ಅಕ್ಕ. ಇದ್ರಗೇ ನಮ್ಗೆ ಎಂಟ್ ದಿವ್ಸದ ಅಕ್ಕಿ" ಎಂದಳು.

ಬಚ್ಚಕ್ಕ ಅವಳನ್ನು ಬೈಯಲಿಲ್ಲ. ಹಿಂದಿರುಗುವಾಗ ಗುರಿಕಾರನ ಅಂಗಳದಲ್ಲಿ ಚಾಪೆಯ ಮೇಲೆ ಒಣಗುತ್ತಿದ್ದ ಮೀನು ಅವಳ ಕಣ್ಣಿಗೆ ಬಿತ್ತು. ಬೆರಳುದ್ದದ ಸಣ್ಣವು. ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ಉದ್ದನೆಯ ಮೈ, ಚೂಪು ಮೂತಿ: ಕಾಣೆಯ ಮರಿ. ಚಾಪೆಯ ತುಂಬ ಅವೇ. ಊರಿಡೀ ಹುಡುಕಿದರೂ ಸಿಗದ ಮೀನು ತನ್ನ ಬಲೆಯಲ್ಲೇ ಸಿಕ್ಕಿ, ಬೆಳೆಯುವ ಮೊದಲೇ ಬಿಸಿಲಿಗೆ ಬಿದ್ದಿತ್ತು. ಅವಳು ಗುರಿಕಾರನನ್ನು ಕೂಗಿದಳು.

ಗುರಿಕಾರ ಹೊರಗೆ ಬಂದಾಗ ಅವಳು ಹೇಳಿದ್ದು ಇಷ್ಟೇ: "ಕಟ್ಟಿದ್ ನಾನು. ಬಿಚ್ಚೂದೂ ನಾನೇ. ಬಲೆ ಕೊಡಿ."

"ಬಲೆ ಬಿಚ್ರೆ ಏಳ್ ಮನೆ ಉಪಾಸ ಬೀಳತ್ತ್" ಎಂದ ಗುರಿಕಾರ.

"ಈಗ ಉಣ್ತಿಪ್ದ್ ಎಂತ?" ಎಂದು ಅವಳು ಕೇಳಿದಳು. ಅವನು ಬಲೆ ಕೊಡಲಿಲ್ಲ.

ಮೊದಲು ಬಲೆ ತಂದುಕೊಟ್ಟವಳು ಸೀತು. ಬಚ್ಚಕ್ಕ ಅದನ್ನು ಎಲ್ಲರಿಗೂ ಕಾಣುವಂತೆ ಈ ಬಂಡೆಯ ಮೇಲೆ ಹರಡಿ ಕೂತಳು. ಹೊಸ ನೂಲು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲವಾದ್ದರಿಂದ ಕತ್ತರಿಸುವಂತಿರಲಿಲ್ಲ; ಗಂಟು ಗಂಟನ್ನೂ ಬಿಡಿಸಿ, ಅದೇ ನೂಲಿನಿಂದ ಮೂರು ಬೆರಳಿನ ಬಲೆ ಕಟ್ಟಬೇಕಿತ್ತು. ವರ್ಷಗಟ್ಟಲೆ ಉಪ್ಪುನೀರು ಕುಡಿದು ಗಂಟುಗಳು ಕಲ್ಲಾಗಿದ್ದವು. ಉಗುರು ಸವೆದವು, ಬೆರಳು ಒಡೆದವು. ಒಡೆದ ಬೆರಳಿಗೆ ಎಣ್ಣೆ ಸವರಿಕೊಂಡು ಮತ್ತೆ ಕೂರುತ್ತಿದ್ದಳು. ಒಂದು ಬಲೆ ಮುಗಿದಾಗ ಇನ್ನೊಂದು ಮನೆಯವರು ತಾವಾಗಿಯೇ ತಂದಿಟ್ಟರು. ಸಾಹುಕಾರ ಬಂದು ಇಮ್ಮಡಿ ಅಕ್ಕಿಯ ಆಸೆ ತೋರಿಸಿದ, ಬೇರೆ ಊರಿಗೆ ಹೋಗುತ್ತೇನೆಂದು ಬೆದರಿಸಿದ. ಅವಳು ಗಂಟಿನಿಂದ ಕಣ್ಣೆತ್ತಲಿಲ್ಲ. ಎರಡು ಮಳೆಗಾಲ ಬೇಂಗ್ರೆಯವರು ಚಿಪ್ಪು ಹೆಕ್ಕಿ, ಗೆಡ್ಡೆ ಅಗೆದು ದಿನ ಕಳೆದರು. ಬೈದವರೂ ಇದ್ದರು. ಆದರೆ ಬಿಚ್ಚಲು ಕೊಟ್ಟ ಬಲೆಯನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ.

ಉಳಿದದ್ದು ಗುರಿಕಾರನ ಬಲೆ ಒಂದೇ. ಆರು ಮನೆಯವರು ಬಿಟ್ಟ ಮರಿಯನ್ನೆಲ್ಲ ಅವನ ದೋಣಿ ಬಾಚಿಕೊಳ್ಳುತ್ತಿತ್ತು. ಸುಟ್ಟುಬಿಡೋಣ ಎಂದು ಕೆಲವರು ಹೊರಟಾಗ ಬಚ್ಚಕ್ಕ ತಡೆದಳು. ಅದೂ ತನ್ನ ಕೈಯ ಕೆಲಸ, ಸುಡುವ ಹಕ್ಕು ನಿಮಗಿಲ್ಲ ಎಂದಳು. ಒಂದು ಬೆಳಿಗ್ಗೆ ಗುರಿಕಾರ ಬಂಡೆಯ ಹತ್ತಿರ ಹಾದುಹೋಗುವಾಗ ಅವಳು ಆರನೆಯ ಬಲೆಯ ಒಂದು ಗಂಟಿನೊಂದಿಗೆ ಹೆಣಗುತ್ತಿದ್ದಳು. ಬೆರಳು ಊದಿ ಮಡಚಲು ಬರುತ್ತಿರಲಿಲ್ಲ, ಹಲ್ಲಿನಿಂದ ಎಳೆಯುತ್ತಿದ್ದಳು. ಅವನು ಬಹಳ ಹೊತ್ತು ನಿಂತು ನೋಡಿದ. ಮನೆಗೆ ಹೋಗಿ ತನ್ನ ಬಲೆಯನ್ನು ಹೆಗಲ ಮೇಲೆ ಹೊತ್ತು ತಂದ. ಅವಳೆದುರು ಮರಳಿನಲ್ಲಿ ಕೂತು, "ಅಕ್ಕ, ಗಂಟ್ ಎಲ್ಲಿಂದ ಬಿಡ್ಸ್ಕ್, ತೋರ್ಸ್ ಕಾಂಬ" ಎಂದ. ಆ ದಿನ ಇಡೀ ಬೇಂಗ್ರೆ ಬಂಡೆಯ ಸುತ್ತ ಕೂತು ಗಂಟು ಬಿಡಿಸಿತು.

ಮೂರನೆಯ ಮಳೆಗಾಲ ಕಳೆದು ಅಳಿವೆ ತಿಳಿಯಾದಾಗ ಕಾಣೆ ಮೀನು ಮತ್ತೆ ಬಂದವು. ಅಷ್ಟರಲ್ಲಿ ಚಂದು ಚೇತರಿಸಿಕೊಂಡಿದ್ದಳು, ಅವಳ ಮಗಳು ದಂಡೆಯಲ್ಲಿ ಓಡಾಡುತ್ತಿದ್ದಳು. ಮೊದಲ ದಿನದ ಮೀನನ್ನು ಯಾರೂ ಮಾರಲಿಲ್ಲ. ಏಳು ಮನೆಯವರೂ ಕೂಲಿಯಾಳುಗಳನ್ನೂ ಕರೆದು ಒಟ್ಟಿಗೆ ಉಂಡರು. ಬಚ್ಚಕ್ಕನ ಕೈ ಮತ್ತೆ ನೂಲು ಹಿಡಿಯುವಂತಾಗಲಿಲ್ಲ. ಅವಳ ನಂತರ ಅಳತೆ ತಪ್ಪಬಾರದೆಂದು ಗುರಿಕಾರನು ಕಲ್ಲುಕುಟಿಗನನ್ನು ಕರೆಸಿ, ಅವಳ ಮೂರು ಬೆರಳನ್ನು ಈ ಬಂಡೆಯ ಮೇಲೆ ಇಡಿಸಿ, ಗುರುತು ಹಾಕಿಸಿ ಕೊರೆಸಿದ. ಗಂಟು ಬಿಡಿಸುವಾಗ ನೂಲು ಎಳೆದು ಎಳೆದು ಬಂಡೆಯೇ ಸವೆಯಿತು ಎನ್ನುವವರೂ ಇದ್ದಾರೆ.

ಈಗ ನೈಲಾನ್ ಬಲೆ ಅಂಗಡಿಯಲ್ಲಿ ಸಿಗುತ್ತದೆ, ಇಂಜಿನ್ ದೋಣಿಗಳು ದೂರದ ಕಡಲನ್ನು ಗೋರುತ್ತವೆ, ಪೇಟೆಯಲ್ಲಿ ಕಾಣೆಯ ಬೆಲೆ ಕೇಳಿ ಜನ ಮುಂದೆ ನಡೆಯುತ್ತಾರೆ. ಆದರೂ ನೂಲಹುಣ್ಣಿಮೆಯ ದಿನ ಕಡಲಪೂಜೆ ಮುಗಿದ ಮೇಲೆ ಇಲ್ಲಿಗೆ ಬಂದರೆ, ಬೇಂಗ್ರೆಯವರು ಹೊಸ ಬಲೆಯ ಕಣ್ಣನ್ನು ಈ ಕಲ್ಲಿನ ಮೇಲೆ ಹಿಡಿಯುವುದನ್ನು ನೋಡಬಹುದು. ಮೂರೂ ಗೆರೆ ಕಣ್ಣಿನೊಳಗೆ ಕಂಡರೆ ಮಾತ್ರ ಆ ಬಲೆ ಅಳಿವೆಗೆ ಇಳಿಯುತ್ತದೆ. ಸಾಧ್ಯವಾದರೆ ನೀವೂ ಬೆರಳಿಟ್ಟು ನೋಡಿ. ಎರಡು ಗೆರೆ ನೇರವಾಗಿವೆ, ನಡುವಿನದು ತುದಿಯಲ್ಲಿ ತುಸು ಬಾಗಿದೆ. ಅದು ಕಲ್ಲುಕುಟಿಗನ ಉಳಿ ಜಾರಿದ್ದಲ್ಲ. ಬಚ್ಚಕ್ಕನ ನಡುಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲ ಎನ್ನುತ್ತಾರೆ.