ದಸ್ತಗೀರಸಾಬನ ಮುಂಗೈ ಗೆರೆ

ಬಹಳ ಹಿಂದೆ, ಇಸವಿ ಕೇಳಬೇಡಿ, ಕೆರೆಯ ಮಗ್ಗುಲಿಗೆ ಒಂದು ಊರು. ಆ ಊರ ಚಾವಡಿಯ ಎದುರಿಗೆ ಒಂದು ಬೇವಿನ ಮರ. ಮರದ ಕೆಳಗೆ ಒಂದು ಗೋಣಿತಾಟು, ಒಂದು ತಗಡಿನ ಪೆಟ್ಟಿಗೆ, ಒಂದು ಭೂತಗನ್ನಡಿ. ಪೆನ್ನು ರಿಪೇರಿಯ ದಸ್ತಗೀರಸಾಬನ ಅಂಗಡಿ ಅಂದರೆ ಅಷ್ಟೇ.

ಅವನು ಪೆನ್ನನ್ನು ಕಿವಿಗೆ ಹಿಡಿದರೆ ಅದು ತನ್ನ ಬೇನೆ ತಾನೇ ಹೇಳುತ್ತಿತ್ತಂತೆ. ಎತ್ತು ತುಳಿದ ಪೆನ್ನಿನಿಂದ ಲಗ್ನಪತ್ರಿಕೆ ಬರೆಸಿದನಂತೆ. ಬಾವಿಗೆ ಬಿದ್ದು ವರ್ಷವಾದ ಪೆನ್ನಿಗೆ ಜೀವ ಕೊಟ್ಟನಂತೆ. ಹೇಳುವವರು ಹೆಚ್ಚಿಸಿ ಹೇಳಿರಬಹುದು. ಆದರೆ ಒಂದು ಮಾತನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ: ದಸ್ತಗೀರಸಾಬನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ.

ಬರೆದು ಪರೀಕ್ಷಿಸಲಾರದವನು ಏನು ಮಾಡುತ್ತಿದ್ದ? ರಿಪೇರಿ ಮುಗಿದ ಮೇಲೆ ಎಡಗೈ ಚಾಚಿ, ಪೆನ್ನಿನ ಒಡೆಯನ ಕೈಯಿಂದಲೇ ತನ್ನ ಮುಂಗೈ ಮೇಲೆ ಒಂದು ಗೆರೆ ಎಳೆಸುತ್ತಿದ್ದ. ಗೀರಿದರೆ ನನ್ನನ್ನೇ ಗೀರಲಿ, ಕಾಗದವನ್ನು ಬೇಡ ಅನ್ನುತ್ತಿದ್ದನಂತೆ.

ಆ ಊರಿಗೆ ಒಂದು ಕಟ್ಟಳೆಯಿತ್ತು. ಹಕ್ಕಿನ ಕಾಗದವನ್ನು ಚಾವಡಿಯಲ್ಲಿ ಓದಬೇಕಾದರೆ, ಅದನ್ನು ಬರೆದ ಪೆನ್ನನ್ನೇ ತರಬೇಕು, ಎಲ್ಲರೆದುರು ಅದರಿಂದ ಒಂದು ಗೆರೆ ಎಳೆದು ತೋರಿಸಬೇಕು. ಪೆನ್ನಿಲ್ಲದ ಕಾಗದ ತಾಯಿಯಿಲ್ಲದ ಕೂಸು, ಅದನ್ನು ಯಾರೂ ಎತ್ತಿಕೊಳ್ಳುತ್ತಿರಲಿಲ್ಲ.

ಊರಿನ ಹಿರೇಗೌಡರು ಮಲ್ಲನಗೌಡರು. ಅವರ ಚಿನ್ನದ ಲೇಪದ ಹಿತ್ತಾಳೆ ಬಳೆಯ ಕರಿ ಪೆನ್ನನ್ನು ಊರಿಗೆ ಊರೇ ಬಲ್ಲದು. ಕೆರೆಯ ಮೂಡಣ ಮೂಲೆಯ ಜಿಗುಟು ಮಣ್ಣು ಎಂದೆಂದಿಗೂ ಕುಂಬಾರ ಓಣಿಯದು ಅಂತ ಅವರು ಅದೇ ಪೆನ್ನಿನಿಂದ ಬರೆದುಕೊಟ್ಟಿದ್ದರು. ಆಮೇಲೆ ಅವರಿಗೆ ಲಕ್ವ ಹೊಡೆಯಿತು. ನಾಲ್ಕು ವರ್ಷ ಅವರ ಬಲಗೈ ರೊಟ್ಟಿಯ ತುತ್ತು ಎತ್ತಲಿಲ್ಲ. ಪೆನ್ನು ಪೆಟ್ಟಿಗೆ ಸೇರಿತು. ಕಡೆಗೆ ಗೌಡರೂ ಹೋದರು.

ಅವರು ಮಣ್ಣಾಗಿ ತಿಂಗಳು ತುಂಬಿರಲಿಲ್ಲ, ಮಗ ರಾಚನಗೌಡ ಹೊಸ ಕಾಗದ ಹೊರತೆಗೆದ. ಸಾಯುವ ಮುಂಚಿನ ಅಮಾಸೆಗೆ ಅಪ್ಪ ಸ್ವಂತ ಕೈಯಿಂದ, ಅದೇ ಪೆನ್ನಿನಿಂದ ಬರೆದದ್ದಂತೆ. ಮೂಡಣ ಮೂಲೆಯ ಮಣ್ಣು ಇನ್ನು ಮೇಲೆ ವಾಡೆಯದಂತೆ, ಅಂದರೆ ಗೌಡರ ಮನೆಯದಂತೆ. ರಾಚನಗೌಡನಿಗೆ ಅಲ್ಲಿ ಇಟ್ಟಿಗೆ ಭಟ್ಟಿ ಹಾಕಬೇಕಿತ್ತು.

ರೊಟ್ಟಿ ಮುರಿಯಲಾರದ ಕೈ ಕಾಗದ ಬರೆಯಿತೇ? ಊರಲ್ಲಿ ಓದು ಬಲ್ಲವರು ಹನ್ನೆರಡು ಜನರಿದ್ದರು. ಹನ್ನೆರಡೂ ಜನ ಗೌಡರ ಮಂಚದ ಬಳಿ ಕೂತು, ಆ ಸೋತ ಕೈ ನೋಡಿ ಕಣ್ಣೊರೆಸಿಕೊಂಡು ಬಂದವರೇ. ಒಬ್ಬನೂ ಬಾಯಿ ಬಿಡಲಿಲ್ಲ. ಒಬ್ಬನಿಗೆ ಉಳಲು ವಾಡೆಯ ಹೊಲ ಲಾವಣಿಗೆ ಬೇಕು, ಇನ್ನೊಬ್ಬನಿಗೆ ಮಗಳ ಮದುವೆಗೆ ವಾಡೆಯ ಅಂಗಳ ಬೇಕು. ನಮಗೇಕೆ ಊರ ಉಸಾಬರಿ ಅಂದರಂತೆ. ಥೂ ಅಂಥ ಓದಿಗೆ!

ಚಾವಡಿ ಸೇರುವ ಹಿಂದಿನ ದಿನ ರಾಚನಗೌಡನೇ ಬೇವಿನ ಮರದ ಕೆಳಗೆ ಬಂದ. ಪೆನ್ನನ್ನು ಗೋಣಿತಾಟಿನ ಮೇಲೆ ಎಸೆದ.

"ಏ ಸಾಬಾ, ಇದರ ಮುಚ್ಚಳ ಬರವಲ್ದು. ನಾಳೆ ಮುಂಜಾನೆ ಗೆರಿ ಎಳೀಬೇಕು ನೋಡು."

ಸಾಬ ಭೂತಗನ್ನಡಿ ಹಿಡಿದು ನೋಡಿದ. ಮುಚ್ಚಳ ಕೂಡುವ ಸಂದಿನಲ್ಲಿ ಹಸಿರು ಕಿಲುಬು ಪದರಗಟ್ಟಿತ್ತು. ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಸಾಸಿವೆ ಉರುಳಿದ ಹಾಗೆ ಸದ್ದು. ಶಾಯಿ ತುಂಬುವ ರಬ್ಬರ್ ಚೀಲ ಒಣಗಿ ಪುಡಿಯಾದ ಸದ್ದು ಅದು. ಒಂದು ಅಮಾಸೆಯಿಂದ ಇನ್ನೊಂದು ಅಮಾಸೆಗೆ ರಬ್ಬರ್ ಪುಡಿಯಾಗುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ತನ್ನ ಕೈಯಿಂದಲೇ ಈ ಸುಳ್ಳಿಗೆ ಶಾಯಿ ತುಂಬಿಸಬೇಕೆ? ಆದರೆ ಈಗಲೇ ತೆಗೆದರೆ ಸಾಕ್ಷಿ ತನ್ನ ತಾಟಿನ ಮೇಲೇ ಸತ್ತುಹೋಗುತ್ತದೆ. ಮುಚ್ಚಳ ಮುಟ್ಟದೆ ಪೆನ್ನನ್ನು ಅರಿವೆಯಲ್ಲಿ ಸುತ್ತಿಟ್ಟ.

ಅಷ್ಟರಲ್ಲಿ ಕುಂಬಾರ ಓಣಿಯ ಹಿರಿಯಳು ನಿಂಬೆವ್ವ ಬಂದಳು. "ಸಾಬಣ್ಣಾ, ಆ ಮಣ್ಣ ಹೋದ್ರ ನಾವು ತಿಗರಿ ಮ್ಯಾಲೆ ಏನ್ ಇಡೂಣು? ನಮ್ಮ ತಲಿ ಇಟ್ಟು ತಿರುವೂಣೇನು?" ಅಂದಳು. ನಾಳೆ ಚಾವಡಿಗೆ ಒಂದು ಕುಡಿಕೆ ಬಿಸಿನೀರು ತಗೊಂಡು ಬಾ ಅಂದನಂತೆ ಸಾಬ, ಅಷ್ಟೇ.

ಮರುದಿನ ಚಾವಡಿ ತುಂಬಿತು. ಸಾಬ ಕಟ್ಟೆಯ ಕೆಳಗೆ ನಿಂತು, ಪೆನ್ನನ್ನು ರಾಚನಗೌಡನ ಕೈಗಿಟ್ಟು, ಮೂರು ಮಾತು ಕೇಳಿದನಂತೆ. ಕಾಗದ ಬರೆದ ಪೆನ್ನು ಇದೇ ಹೌದೇ? ಹೌದು ಅಂದ ಗೌಡ. ಬರೆದ ಮೇಲೆ ಯಾರಾದರೂ ಬಿಚ್ಚಿದ್ದಾರೆಯೇ? ಇಲ್ಲ. ಹಾಗಾದರೆ ತೆಗೆದು ನನ್ನ ಮುಂಗೈ ಮೇಲೆ ಒಂದು ಗೆರೆ ಎಳೆಯಿರಿ.

ರಾಚನಗೌಡ ತಿರುವಿದ. ಧೋತರದ ಚುಂಗಿನಲ್ಲಿ ಹಿಡಿದು ತಿರುವಿದ. ಬೆವರಿದ. ಮುಚ್ಚಳ ಅಲುಗಲಿಲ್ಲ.

"ನಿನಗ ಕೊಟ್ಟದ್ದು ರಿಪೇರಿ ಮಾಡ್ಲಿಕ್ಕಲೇ, ಆಟಾ ಆಡ್ಲಿಕ್ಕಲ್ಲ!"

"ಮಾಡ್ತೀನ್ರೀ ಗೌಡ್ರ. ಎಲ್ಲಾರ ಮುಂದ ಮಾಡ್ತೀನಿ."

ನಿಂಬೆವ್ವನ ಕುಡಿಕೆಯ ಬಿಸಿನೀರಿನಲ್ಲಿ ಸಾಬ ಪೆನ್ನಿನ ಕತ್ತನ್ನು ಅದ್ದಿ ಹಿಡಿದ. ಕಿಲುಬು ಬಿಟ್ಟಿತು, ಮುಚ್ಚಳ ಬಂತು. ಕೊಳವೆ ಬಿಚ್ಚಿ ಬೋರಲು ಹಾಕಿದ. ರಾಚನಗೌಡನ ಹೊಸ ಕಾಗದದ ಮೇಲೆ ಕರಿ ಪುಡಿ ಸುರಿಯಿತು. ಒಂದು ಹನಿ ಶಾಯಿ ಇಲ್ಲ.

ಇದು ನಾಲ್ಕು ವರ್ಷದಿಂದ ಒಂದು ಗೆರೆಯನ್ನೂ ಎಳೆದಿಲ್ಲ, ಹಿರೇಗೌಡರ ಕೈಯೂ ಎಳೆದಿಲ್ಲ, ನಿಮಗೆಲ್ಲ ಗೊತ್ತಿತ್ತು ಅಂದನಂತೆ ಸಾಬ. ಅಕ್ಷರ ಬಾರದ ನನಗೆ ಪೆನ್ನು ಹೇಳಿತು, ಅಕ್ಷರ ಬಲ್ಲ ನಿಮಗೆ ನಿಮ್ಮ ಕಣ್ಣೇ ಹೇಳಲಿಲ್ಲವೇ ಅಂದನಂತೆ. ಹನ್ನೆರಡು ತಲೆ ತಗ್ಗಿದವು. ಆಗ ಮಾತ್ರ ಒಬ್ಬೊಬ್ಬರಾಗಿ, ಹೌದು, ಹೌದು ಅಂದರು. ಸೋತವನು ಯಾರೆಂದು ಗೊತ್ತಾದ ಮೇಲೆ ಹೌದು ಅನ್ನಲು ಯಾವ ಗಂಡಸುತನ ಬೇಕು?

ಸಾಬ ಅಷ್ಟಕ್ಕೆ ಹೊರಡಲಿಲ್ಲ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವವನಲ್ಲ. ಪೆನ್ನು ಯಾವ ಪಾಪ ಮಾಡಿತ್ತು? ಅಲ್ಲೇ ಕೂತು ತೊಳೆದ, ನಿಬ್ಬಿನ ಸೀಳು ತಿದ್ದಿದ, ಹೊಸ ಚೀಲಕ್ಕೆ ಅರಗು ಹಚ್ಚಿ ಕೂರಿಸಿದ. ಅರಗು ಒಣಗುವ ತನಕ ಕಾದ. ಶಾಯಿ ತುಂಬಿ ಗೌಡನ ಕೈಗೆ ಕೊಟ್ಟ.

"ಈಗ ಬರೀರಿ ಗೌಡ್ರ. ನಿಮ್ಮ ಹೆಸರೀಲೆ ಬರೀರಿ."

ಹಿರೇಗೌಡರ ಹಳೆಯ ಕಾಗದವನ್ನು ನಿಂಬೆವ್ವ ಮುಂದೆ ಹಿಡಿದಳು. ರಾಚನಗೌಡನಿಗೆ ಅದರ ಕೆಳಗೆ ನನಗೂ ಒಪ್ಪಿಗೆ ಅಂತ ಬರೆಯುವುದೊಂದೇ ದಾರಿ ಉಳಿದಿತ್ತು. ಆದರೆ ಮೊದಲು ಗೆರೆ. ಸಾಬ ಮುಂಗೈ ಚಾಚಿದ. ರಾಚನಗೌಡ ಇದ್ದ ಸಿಟ್ಟನ್ನೆಲ್ಲ ನಿಬ್ಬಿಗೆ ಹಾಕಿ ಎಳೆದ. ರಕ್ತ ಬಂತು. ರಕ್ತದ ಜೊತೆ ಶಾಯಿಯೂ ಇಳಿಯಿತು. ಸಾಬ ಕೈ ಹಿಂದೆಗೆಯಲಿಲ್ಲ. ಶಾಯಿ ಚಲೋ ಹರಿತೈತಿ ಅಂದನಂತೆ.

ಆ ಗೆರೆ ಹಚ್ಚೆಯ ಹಾಗೆ ನೀಲಿಯಾಗಿ ಉಳಿಯಿತು. ಸಾಬನ ಜೊತೆಗೇ ಗೋರಿಗೂ ಹೋಯಿತು ಅಂತಾರೆ.

ರಾಚನಗೌಡ ಅಂದು ಒಪ್ಪಿಗೆ ಬರೆದ ಮಣ್ಣು ಇಂದಿಗೂ ಕುಂಬಾರ ಓಣಿಯದು. ಆ ಊರಲ್ಲಿ ಯಾವ ಕಾಗದಕ್ಕೆ ಸಹಿ ಹಾಕುವವರೂ ಮೊದಲು ಎಡ ಮುಂಗೈ ಮೇಲೆ ಒಂದು ಗೆರೆ ಎಳೆದುಕೊಳ್ಳುತ್ತಾರೆ. ಕುಂಬಾರರೂ ಎಳೆದುಕೊಳ್ಳುತ್ತಾರೆ, ವಾಡೆಯವರೂ ಎಳೆದುಕೊಳ್ಳುತ್ತಾರೆ. ಅಂದು ತಲೆ ತಗ್ಗಿಸಿ ಕೂತ ಆ ಹನ್ನೆರಡು ಜನರ ಮೊಮ್ಮಕ್ಕಳೂ ಎಳೆದುಕೊಳ್ಳುತ್ತಾರೆ. ಮೆಲ್ಲಗೆ ಎಳೆದುಕೊಳ್ಳುತ್ತಾರೆ, ನೋವಾಗದ ಹಾಗೆ. ಸಂಜೆ ಕೈ ತೊಳೆದರೆ ಹೋಗುತ್ತದೆ.