ಅಂಗೈಯಲ್ಲಿ ಬಂದ ರತ್ನಗಂಬಳಿ

"ನಾನು ನೋಡಿ ಒಪ್ಪದ ಒಂದು ಎಳೆಯೂ ಇವತ್ತಿನವರೆಗೆ ನನ್ನ ಅರಮನೆ ಸೇರಿಲ್ಲ!"

ಹೀಗೆ ಹೇಳಿ ಮೀಸೆ ತಿರುವುವುದು ಹುಲಿಮಲೆಯ ದೊರೆ ಕೆಂಚವೀರ ನಾಯಕನ ಚಾಳಿ. ಆ ಬೇಸಿಗೆಯಲ್ಲಿ ಸೆಕೆ ತಾಳಲಾರದೆ ಬೆಟ್ಟದ ಮೇಲಿನ ಕೋಟೆಯಲ್ಲಿ ಹೋಗಿ ಕೂತಿದ್ದ. ಅಲ್ಲಿಂದಲೇ ಊರಿನ ನೇಕಾರರಿಗೆ ಅಪ್ಪಣೆ ಬಂತು. ದರ್ಬಾರಿನ ಬಾಗಿಲಿನಿಂದ ಸಿಂಹಾಸನದವರೆಗೆ ಹಾಸಲು, ನವಿಲುಗಳ ಸಾಲಿರುವ ರೇಷ್ಮೆಯ ರತ್ನಗಂಬಳಿ ಬೇಕು. ಮೊದಲು ಮಾದರಿ ತೋರಿಸಬೇಕು. ಒಪ್ಪಿಗೆಯಾದರೆ ನೇಯಲು ಬೇಕಾದಷ್ಟು ರೇಷ್ಮೆ ಉಗ್ರಾಣದಿಂದ ಸಿಗುತ್ತದೆ.

ನೇಕಾರರು ಅಷ್ಟೇ ಉದ್ದದ ಬಟ್ಟೆಯ ಮೇಲೆ ನವಿಲುಗಳನ್ನೆಲ್ಲ ಬರೆದು, ಸುರುಳಿ ಸುತ್ತಿ, ಗಾಡಿಯಲ್ಲಿ ಬೆಟ್ಟ ಹತ್ತಿಸಿದರು. ಕೋಟೆಯ ಬಾಗಿಲೋ ತೀರಾ ಕಿರಿದು. ಸುರುಳಿ ಅಲ್ಲೇ ಸಿಕ್ಕಿಕೊಂಡಿತು. ಅದರ ಹಿಂದೆ ದೊರೆಯ ಊಟ ಹೊತ್ತವರೂ ಸಿಕ್ಕಿಕೊಂಡರು.

"ನನ್ನನ್ನು ಉಪವಾಸ ಕೆಡವುತ್ತೀರಾ? ಸಣ್ಣದು ತನ್ನಿ!"

ಸಣ್ಣದು ತಂದರು. ಇಡೀ ಗಂಬಳಿ ವೀಳ್ಯದೆಲೆಯಷ್ಟು ಕಾಗದದಲ್ಲಿ ಅಡಗಿತ್ತು. ದೊರೆ ಅದನ್ನು ಮೂಗಿನ ತುದಿಗೆ ಹಿಡಿದು ನೋಡಿದ.

"ಇವು ನವಿಲೋ, ಇರುವೆಯೋ? ಇನ್ನೊಂದೇ ಅವಕಾಶ. ಮಾದರಿ ಅಂಗೈಯಲ್ಲಿ ಹಿಡಿಸಬೇಕು, ಸಾಲು ಪೂರ್ತಿ ಕಾಣಬೇಕು, ಒಂದೊಂದು ನವಿಲಿನ ಕಣ್ಣೂ ಕಾಣಬೇಕು. ಆಗದಿದ್ದರೆ ಕೆಲಸ ಪಕ್ಕದ ಸೀಮೆಯವರಿಗೆ!"

ನೇಕಾರರ ಕೇರಿಯ ಹಿರಿಯಳು ಹಾಲವ್ವ ಸೀದಾ ಆಸ್ಥಾನದ ವಿದೂಷಕ ಬೊಮ್ಮರಸನ ಜಗುಲಿಗೆ ಬಂದಳು.

"ಬೊಮ್ಮಣ್ಣ, ಕೇರೀಲಿ ರೇಷ್ಮೆ ಅನ್ನೋದೇ ಮುಗಿದುಹೋಗ್ಯದೆ. ಈ ಕೆಲ್ಸ ಕೈತಪ್ಪಿದ್ರೆ ಮಗ್ಗಾನ ಒಲೆಗೆ ಹಾಕ್ಬೇಕಷ್ಟೆ."

"ಇರೋ ಚೂರುಪಾರು ಒಂದು ನವಿಲಿಗೆ ಸಾಕಾಗ್ತದಾ, ಅಕ್ಕಾ?"

"ಒಂದಕ್ಕಾದ್ರೆ ಆದೀತು. ಉಳಿದವು?"

"ಉಳಿದವನ್ನ ನಾನು ನೇಯ್ತೀನಿ."

"ನೀನಾ? ಮಗ್ಗದ ಯಾವ ಕಡೆ ಕೂರ್ಬೇಕು ಅಂತಾನಾದ್ರೂ ಗೊತ್ತಾ ನಿಂಗೆ!"

ಬೊಮ್ಮರಸ ನಕ್ಕನೇನೋ ನಿಜ. ಆದರೆ ಹಾಲವ್ವನ ಜೊತೆ ಬೆಟ್ಟ ಹತ್ತುವಾಗ ಅವನ ತಲೆಯಲ್ಲಿ ಒಂದೇ ಲೆಕ್ಕ. ದೊರೆ ಮುನಿದರೆ ತನಗೆ ನಾಲ್ಕು ಬೈಗುಳ, ಕೇರಿಗೆ ಉಪವಾಸ.

ದೊರೆಯ ಮುಂದೆ ನಿಂತು ಬೊಮ್ಮರಸ ಸೊಂಟದಿಂದ ಅಂಗೈಯಗಲದ ರೇಷ್ಮೆಯ ತುಂಡು ತೆಗೆದ. ಅದರಲ್ಲಿ ಇದ್ದದ್ದು ಒಂದೇ ನವಿಲು. ಅದನ್ನು ಹಾಸಿ, ಅತ್ತ ಒಂದು ಇತ್ತ ಒಂದು ಪುಟ್ಟ ಕನ್ನಡಿಯನ್ನು ಎದುರುಬದುರಾಗಿ ಹಿಡಿದ.

"ಬಗ್ಗಿ ನೋಡಿ, ಪ್ರಭು."

ದೊರೆ ಬಗ್ಗಿದ. ನವಿಲು, ಅದರಾಚೆ ನವಿಲು, ಅದರಾಚೆ ಮತ್ತೂ ನವಿಲು!

"ಎಲಾ ಇವನ! ಸಿಂಹಾಸನ ದಾಟಿ ಹೋಗುತ್ತಿದೆಯಲ್ಲೋ!"

"ಹೇಳಿದಲ್ಲಿಗೆ ಕತ್ತರಿಸೋಣ, ಪ್ರಭು."

"ಕಣ್ಣೂ ಕಾಣುತ್ತಿದೆ..." ಸೋಲೊಪ್ಪಲು ದೊರೆಗೆ ಮನಸ್ಸಿಲ್ಲ. "ಅಲ್ಲಾ, ಒಂದು ಅತ್ತ ಮುಖ ಮಾಡಿದರೆ ಪಕ್ಕದ್ದು ಇತ್ತ ಮಾಡಿದೆಯಲ್ಲ, ಯಾಕೆ?"

"ದರ್ಬಾರಿನ ನವಿಲುಗಳಲ್ಲವೇ? ತಮ್ಮ ಮಂತ್ರಿಗಳನ್ನು ನೋಡಿ ಕಲಿತಿವೆ."

ಒಬ್ಬರಿಗೊಬ್ಬರು ಮುಖ ತಿರುಗಿಸಿ ಕೂತಿದ್ದ ಇಬ್ಬರು ಮಂತ್ರಿಗಳು ಒಟ್ಟಿಗೆ ಕೆಮ್ಮಿದರು. ದೊರೆಗೆ ನಗು ತಡೆಯಲಾಗಲಿಲ್ಲ.

"ಒಪ್ಪಿದೆ, ಮಾರಾಯ!"

ಆದರೆ ಈ ತರಲೆಗೆ ಒಮ್ಮೆಯಾದರೂ ತಿರುಗೇಟು ಕೊಡಬೇಡವೇ? ದೊರೆ ಒಂದೇ ಒಂದು ಲಡಿ ರೇಷ್ಮೆ ತರಿಸಿ, ಅವೇ ಕನ್ನಡಿಗಳ ನಡುವೆ ಇಡಿಸಿದ.

"ತಗೋ, ನೇಯಲು ಬೇಕಾದಷ್ಟು ರೇಷ್ಮೆ. ಕೊನೆಯೇ ಕಾಣುವುದಿಲ್ಲ, ನೋಡು!"

ಸಭೆ ಗೊಳ್ಳೆಂದು ನಕ್ಕಿತು. ಬಾಗಿಲ ಬಳಿ ನಿಂತಿದ್ದ ಹಾಲವ್ವನ ಮುಖ ಬಿಳಿಚಿಕೊಂಡಿತು. ಬೊಮ್ಮರಸ ಅದನ್ನು ಕಂಡ.

ಅವನು ಥೇಟ್ ದೊರೆಯ ಹಾಗೇ ಬಗ್ಗಿದ. ಹುಬ್ಬು ಗಂಟಿಕ್ಕಿ, ಕತ್ತು ಓರೆ ಮಾಡಿ, ಇಲ್ಲದ ಮೀಸೆ ತಿರುವಿ ನೋಡಿದ. ಆಮೇಲೆ ಕನ್ನಡಿಗಳನ್ನು ಮಡಿಲಿಗೆ ಸೇರಿಸಿಕೊಂಡು ಕೈಮುಗಿದ.

"ಬಣ್ಣ ಚೆನ್ನಾಗಿದೆ, ಎಳೆಯೂ ಚೆನ್ನಾಗಿದೆ. ತಮ್ಮ ಮಾದರಿ ನಮಗೆ ಒಪ್ಪಿಗೆಯಾಯಿತು, ಪ್ರಭು. ಇನ್ನು ಅಸಲಿ ರೇಷ್ಮೆಯನ್ನು ಕಳಿಸಿಕೊಡಿ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಉಗ್ರಾಣದ ಬೀಗದಕೈಯನ್ನು ಹಾಲವ್ವನ ಮಡಿಲಿಗೆ ಹಾಕಿಸಿದ.